ಕ್ರೋಶಾ ಕಲಿಯುವವರಿಗೆ: ಮೊದಲು ಕಣ್ಣು ಪಳಗಲಿ, ಆಮೇಲೆ ಕೈ

ಕ್ರೋಶಾ, ಅಂದರೆ ಒಂದೇ ಹುಕ್ಕಿನಿಂದ ದಾರ ಹೆಣೆಯುವುದನ್ನು, ಕಲಿಯಲು ಕೂತವರು ಮೊದಲು ಕೇಳುವುದು "ಒಟ್ಟು ಎಷ್ಟು ಥರದ ಸ್ಟಿಚ್ ಇವೆ?" ಅಂತ. ನೂರಾರು ಇವೆ. ಆದರೆ ಎಲ್ಲದರ ಬೇರು ಒಂದೇ. ಹುಕ್ಕನ್ನು ತೂರಿಸುವುದು, ದಾರ ಹಿಡಿದು ಎಳೆಯುವುದು, ಕುಣಿಕೆಯೊಳಗಿಂದ ಹೊರಗೆ ತೆಗೆಯುವುದು. ಇದನ್ನೇ ಒಮ್ಮೆ ಮಾಡಿದರೆ ಒಂದು ಸ್ಟಿಚ್, ಜೊತೆಗೆ ಒಂದು ಸುತ್ತು ದಾರ ಸೇರಿಸಿದರೆ ಇನ್ನೊಂದು ಸ್ಟಿಚ್. ಕೈಗೆ ಈ ಚಲನೆ ಬರುವುದು ಕಷ್ಟವೇ ಅಲ್ಲ. ಒಂದೆರಡು ಸಂಜೆ ಕೂತರೆ ಯಾರಿಗಾದರೂ ಬರುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಹೆಣೆದದ್ದನ್ನು ನೋಡಿ "ಇದು ಒಂದು ಸ್ಟಿಚ್, ಇದು ಮುಂದಿನದು, ಇಲ್ಲಿ ಹುಕ್ ಹಾಕಬೇಕು" ಅಂತ ಗುರುತಿಸುವುದರಲ್ಲಿ. ನನ್ನ ಹತ್ತಿರ ಕಲಿಯಲು ಬಂದು ಅರ್ಧಕ್ಕೆ ಬಿಟ್ಟವರೆಲ್ಲ ಇಲ್ಲೇ ಸೋತವರು. ಅವರ ಕೈ ಚೆನ್ನಾಗಿಯೇ ಓಡುತ್ತಿತ್ತು. ಕಣ್ಣಿಗೆ ಮಾತ್ರ ಎಲ್ಲಾ ಬರೀ ದಾರದ ಗೋಜಲಾಗಿ ಕಾಣುತ್ತಿತ್ತು. ಹಾಗಾಗಿ ನಾನು ಹೇಳಿಕೊಡುವಾಗ ನೋಡುವುದನ್ನು ಹೆಣೆಯುವುದರ ಜೊತೆಜೊತೆಗೇ ಕಲಿಸುತ್ತೇನೆ. ಇಲ್ಲೂ ಅದನ್ನೇ ಮಾಡುತ್ತೇನೆ.

ದಾರ ಮತ್ತು ಹುಕ್

ಮೊದಲ ದಾರವನ್ನು ಬಣ್ಣ ಇಷ್ಟ ಆಯ್ತು ಅಂತ ತೆಗೆದುಕೊಳ್ಳಬೇಡಿ. ಸ್ಟಿಚ್ ಕಣ್ಣಿಗೆ ಕಾಣುತ್ತದೋ ಇಲ್ಲವೋ, ಅದೊಂದೇ ಮುಖ್ಯ. ತಿಳಿ ಬಣ್ಣ ಇರಲಿ: ಕೆನೆ ಬಣ್ಣ, ತಿಳಿ ನೀಲಿ, ಹಳದಿ, ಯಾವುದಾದರೂ ಸರಿ. ಕಪ್ಪು, ಕಡುನೀಲಿ ಬೇಡವೇ ಬೇಡ. ವರ್ಷಗಟ್ಟಲೆ ಹೆಣೆದವರಿಗೂ ಕಪ್ಪು ದಾರದಲ್ಲಿ ಸ್ಟಿಚ್ ಹುಡುಕುವುದು ತಲೆನೋವು. ನವಿರು ಕೂದಲು ಎದ್ದು ನಿಂತ ದಾರ, ಗಂಟುಗಂಟಾದ ದಾರ, ನಾಲ್ಕೈದು ಬಣ್ಣ ಕಲೆಸಿದ ದಾರ ಎಲ್ಲವೂ ಚಂದವೇ. ಅವನ್ನು ಆಮೇಲೆ ನೋಡೋಣ. ಈಗ ಬೇಕಿರುವುದು ನುಣುಪಾದ, ಒಂದೇ ಬಣ್ಣದ, ಮಧ್ಯಮ ದಪ್ಪದ ದಾರ. ಉಂಡೆಯ ಲೇಬಲ್ ಮೇಲೆ ದಾರದ ದಪ್ಪವನ್ನು 0ಯಿಂದ 7ರವರೆಗಿನ ಸಂಖ್ಯೆಯಲ್ಲಿ ಹಾಕಿರುವುದುಂಟು. ಅದರಲ್ಲಿ 4 ಅಂದರೆ ಮಧ್ಯಮ. ಅದನ್ನೇ ತನ್ನಿ.

ಉಣ್ಣೆ ಅಥವಾ ಅಕ್ರಿಲಿಕ್ ದಾರ ಸ್ವಲ್ಪ ಹಿಗ್ಗುತ್ತದೆ, ಹುಕ್ ತೂರಿಸಲು ಜಾಗ ಕೊಡುತ್ತದೆ. ಹತ್ತಿ ದಾರ ಹಿಗ್ಗುವುದಿಲ್ಲ. ಅದರಲ್ಲಿ ಸ್ಟಿಚ್ ಸ್ಪಷ್ಟವಾಗಿ ಕಾಣುತ್ತದೆ ನಿಜ, ಆದರೆ ಬಿಗಿಯಾಗಿ ಹೆಣೆಯುವವರ ಬೆರಳು ಬೇಗ ನೋಯುತ್ತದೆ. ನನ್ನ ಆಯ್ಕೆ ಅಕ್ರಿಲಿಕ್. ಎಷ್ಟು ಸಲ ಬಿಚ್ಚಿ ಹೆಣೆದರೂ ತಡೆದುಕೊಳ್ಳುತ್ತದೆ.

ಹುಕ್ 5 ಅಥವಾ 5.5 ಮಿ.ಮೀ. ಇರಲಿ. ಅಳತೆ ಸಾಮಾನ್ಯವಾಗಿ ಹಿಡಿಯ ಮೇಲೇ ಇರುತ್ತದೆ. ಕೆಲವದರ ಮೇಲೆ ಅಕ್ಷರ ಇರುತ್ತದೆ: 5 ಮಿ.ಮೀ.ಗೆ ಎಚ್, 5.5ಕ್ಕೆ ಐ. ದಾರದ ಲೇಬಲ್ ಮೇಲೂ ಪುಟ್ಟ ಹುಕ್ ಚಿತ್ರದ ಪಕ್ಕ ಯಾವ ಅಳತೆ ಹೊಂದುತ್ತದೆ ಅಂತ ಬರೆದಿರುತ್ತಾರೆ, ಒಮ್ಮೆ ನೋಡಿಕೊಳ್ಳಿ. ಲೋಹದ ಹುಕ್ ಮೇಲೆ ದಾರ ಸರಾಗವಾಗಿ ಜಾರುತ್ತದೆ, ಬಿದಿರಿನದರ ಮೇಲೆ ಸ್ವಲ್ಪ ಹಿಡಿದುಕೊಳ್ಳುತ್ತದೆ. ಕುಣಿಕೆ ಪದೇ ಪದೇ ಜಾರಿ ಬೀಳುತ್ತಿದ್ದರೆ ಬಿದಿರಿನದು ಒಳ್ಳೆಯದು.

ಹುಕ್ಕನ್ನೊಮ್ಮೆ ಹತ್ತಿರದಿಂದ ನೋಡಿ. ತುದಿಯಲ್ಲಿ ಕೊಕ್ಕೆ. ಅದರ ಕೆಳಗೆ ಕತ್ತಿನ ಭಾಗ, ಅನೇಕ ಹುಕ್‌ಗಳಲ್ಲಿ ಇದು ಸಪೂರ ಇರುತ್ತದೆ. ಅದರ ಕೆಳಗೆ ಒಂದೇ ಸಮ ದಪ್ಪದ ದೇಹ. 5 ಮಿ.ಮೀ. ಅನ್ನುವುದು ಈ ದೇಹದ ಅಳತೆ. ಇದನ್ನು ನೆನಪಿಡಿ, ಕುಣಿಕೆ ಯಾಕೆ ಬಿಗಿಯಾಗುತ್ತದೆ ಅನ್ನುವುದು ಇದರಲ್ಲೇ ಇದೆ. ಕುಣಿಕೆಯನ್ನು ದೇಹದವರೆಗೆ ತಂದರೆ ಅದು ಸರಿಯಾದ ಗಾತ್ರಕ್ಕೆ ಬರುತ್ತದೆ. ಸಪೂರ ಕತ್ತಿನಲ್ಲೇ ಬಿಟ್ಟು ಮುಂದಕ್ಕೆ ಹೋದರೆ ಸ್ಟಿಚ್ ಸಣ್ಣದಾಗಿ, ಬಿಗಿಯಾಗಿ ಕೂರುತ್ತದೆ. ಮುಂದಿನ ಸಾಲಿನಲ್ಲಿ ಹುಕ್ ಒಳಗೇ ಹೋಗುವುದಿಲ್ಲ.

ಇನ್ನು ಬೇಕಿರುವುದು ಕತ್ತರಿ, ಮೊಂಡು ತುದಿಯ ದೊಡ್ಡ ಕಣ್ಣಿನ ಸೂಜಿ, ಗುರುತಿಗೆ ಒಂದೆರಡು ಸೇಫ್ಟಿ ಪಿನ್. ಪಿನ್ ಇಲ್ಲದಿದ್ದರೆ ಬೇರೆ ಬಣ್ಣದ ದಾರದ ತುಂಡೂ ನಡೆಯುತ್ತದೆ.

ಹಿಡಿಯುವುದು

ಹುಕ್ಕನ್ನು ಪೆನ್ಸಿಲ್ ಥರ ಹಿಡಿಯಬಹುದು, ತರಕಾರಿ ಹೆಚ್ಚುವ ಚಾಕುವಿನ ಥರ ಮೇಲಿನಿಂದಲೂ ಹಿಡಿಯಬಹುದು. ಇದರಲ್ಲಿ ಸರಿ ತಪ್ಪು ಇಲ್ಲ. ಮಣಿಕಟ್ಟು ನೋಯದ ಹಿಡಿತವೇ ನಿಮ್ಮ ಹಿಡಿತ.

ಎಡಗೈಯ ಕೆಲಸವೇ ಜಾಸ್ತಿ. ಉಂಡೆಯಿಂದ ಬರುವ ದಾರವನ್ನು ಕಿರುಬೆರಳಿಗೆ ಒಂದು ಸುತ್ತು ಹಾಕಿ, ಮಧ್ಯದ ಎರಡು ಬೆರಳುಗಳ ಅಡಿಯಿಂದ ತಂದು, ತೋರುಬೆರಳಿನ ಮೇಲೆ ಹಾಯಿಸಿ. ತೋರುಬೆರಳು ಸ್ವಲ್ಪ ಎತ್ತಿರಲಿ, ದಾರ ಅಲ್ಲಿಂದ ಹುಕ್ಕಿಗೆ ನೇರವಾಗಿ ನಿಲ್ಲಬೇಕು. ಹೆಬ್ಬೆರಳು ಮತ್ತು ನಡುಬೆರಳಿನಿಂದ ಹೆಣೆದ ಭಾಗವನ್ನು, ಹುಕ್ಕಿಗೆ ಆದಷ್ಟು ಹತ್ತಿರದಲ್ಲಿ, ಹಿಡಿಯಿರಿ. ಕಿರುಬೆರಳಿನ ಸುತ್ತು ದಾರ ಒಂದೇ ಹದದಲ್ಲಿ ಬಿಡಲು ಇರುವುದು. ತೀರಾ ಬಿಗಿ ಅನ್ನಿಸಿದರೆ ಸುತ್ತು ಬಿಟ್ಟುಬಿಡಿ, ಬೆರಳುಗಳ ನಡುವೆ ಸುಮ್ನೆ ಹಾಯಿಸಿದರೂ ಸಾಕು.

ಎಡಚರು ಇದನ್ನೆಲ್ಲ ತಿರುಗುಮುರುಗಾಗಿ ಮಾಡಬೇಕು. ಬಲಗೈಯವರು ಹೇಳಿಕೊಡುತ್ತಿದ್ದರೆ ಪಕ್ಕದಲ್ಲಿ ಕೂರುವ ಬದಲು ಎದುರಿಗೆ ಕೂತುಕೊಳ್ಳಿ. ಕನ್ನಡಿಯಲ್ಲಿ ನೋಡಿದ ಹಾಗೆ ಎಲ್ಲಾ ನಿಮ್ಮ ಕೈಗೆ ಸರಿಯಾಗಿ ಕಾಣುತ್ತದೆ. ಎಡಚರಿಗೆ ಕ್ರೋಶಾ ಒಗ್ಗುವುದಿಲ್ಲ ಅನ್ನುವ ಮಾತನ್ನು ಕೇಳಿದ್ದೇನೆ. ಅದನ್ನು ಖಂಡಿತ ನಂಬಬೇಡಿ.

ಮೊದಲ ಗಂಟು, ಆಮೇಲೆ ಚೈನ್

ದಾರದ ತುದಿಯಿಂದ 15 ಸೆಂ.ಮೀ. ಬಿಟ್ಟು ಒಂದು ಸುತ್ತು ಮಾಡಿ. ಉಂಡೆಯ ಕಡೆಯ ದಾರವನ್ನು ಆ ಸುತ್ತಿನ ಹಿಂದಕ್ಕೆ ತನ್ನಿ. ಸುತ್ತಿನೊಳಗೆ ಹುಕ್ ಹಾಕಿ ಆ ದಾರವನ್ನು ಹಿಡಿದು ಮುಂದಕ್ಕೆ ಎಳೆಯಿರಿ. ಹುಕ್ಕಿನ ಮೇಲೆ ಒಂದು ಕುಣಿಕೆ ಬಂತು. ತುದಿಯ ದಾರ ಎಳೆದರೆ ಗಂಟು ಬಿಗಿಯಾಗುತ್ತದೆ, ಉಂಡೆಯ ಕಡೆಯ ದಾರ ಎಳೆದರೆ ಕುಣಿಕೆ ಚಿಕ್ಕದಾಗುತ್ತದೆ. ಹುಕ್ಕಿನ ಮೇಲೆ ಆರಾಮಾಗಿ ಹಿಂದೆ ಮುಂದೆ ಜಾರುವಷ್ಟು ಸಡಿಲ ಇಡಿ.

ಈಗ ಚೈನ್. ದಾರವನ್ನು ಹುಕ್ಕಿನ ಹಿಂದಿನಿಂದ ಮೇಲಕ್ಕೆ ತಂದು ಮುಂದಕ್ಕೆ ಹಾಯಿಸಿ. ಇದಕ್ಕೆ ಇಲ್ಲಿಂದ ಮುಂದೆ "ದಾರ ಸುತ್ತುವುದು" ಅನ್ನುತ್ತೇನೆ. ಕೊಕ್ಕೆಯನ್ನು ನಿಮ್ಮ ಕಡೆಗೆ, ಕೆಳಮುಖವಾಗಿ ತಿರುಗಿಸಿ, ಸುತ್ತಿದ ದಾರವನ್ನು ಕುಣಿಕೆಯೊಳಗಿಂದ ಎಳೆಯಿರಿ. ಒಂದು ಚೈನ್ ಆಯ್ತು. ಕೊಕ್ಕೆ ಮೇಲ್ಮುಖವಾಗಿಯೇ ಇದ್ದರೆ ಪ್ರತಿ ಸಲ ಕುಣಿಕೆಗೆ ಸಿಕ್ಕಿಕೊಳ್ಳುತ್ತದೆ. ತಿರುಗಿಸಿದರೆ ಜಾರಿ ಬರುತ್ತದೆ. ಈ ಸಣ್ಣ ತಿರುವು ಮಣಿಕಟ್ಟಿಗೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಇಲ್ಲೊಂದು ವಿಷಯ ಗಮನಿಸಿ. ದಾರ ಹುಕ್ಕಿನ ಮೇಲಿನಿಂದ ಹಾಯಬೇಕು. ಕೆಲವರು ಗೊತ್ತಿಲ್ಲದೆ ಹುಕ್ಕನ್ನು ದಾರದ ಮೇಲಕ್ಕೆ ಒಯ್ದು ಕೆಳಗಿನ ಕಡೆಯಿಂದ ಕೊಕ್ಕೆ ಹಾಕುತ್ತಾರೆ. ಹಾಗೆ ಮಾಡಿದರೂ ಸ್ಟಿಚ್ ಆಗುತ್ತದೆ, ಆದರೆ ಬಿಗಿಯಾಗಿ, ಬೇರೆ ಆಕಾರದಲ್ಲಿ. ಬೊಂಬೆ ಹೆಣೆಯುವವರು ಬೇಕೆಂದೇ ಹಾಗೆ ಮಾಡುವುದುಂಟು. ಒಮ್ಮೆ ಹಾಗೆ, ಒಮ್ಮೆ ಹೀಗೆ ಆದಾಗಲೇ ಹೆಣಿಗೆ ಏರುಪೇರು ಕಾಣುವುದು.

ಚೈನ್ ಹಾಕುತ್ತಾ ಹೋಗಿ. ಮೂರು ನಾಲ್ಕು ಚೈನ್ ಆದಂತೆಲ್ಲ ಎಡಗೈ ಹೆಬ್ಬೆರಳನ್ನು ಮೇಲಕ್ಕೆ ಸರಿಸುತ್ತಿರಿ. ಒಂದು ಮೊಳ ಹಾಕಿ, ಎಳೆದು ಬಿಚ್ಚಿ, ಮತ್ತೆ ಹಾಕಿ. ಬಿಚ್ಚಲು ಹೆದರಬೇಡಿ. ಎರಡು ಕಡ್ಡಿಯ ಹೆಣಿಗೆಯಲ್ಲಿ ಒಂದು ಸಾಲಿನ ಎಲ್ಲಾ ಕುಣಿಕೆಗಳೂ ಕಡ್ಡಿಯ ಮೇಲೆ ತೆರೆದೇ ಇರುತ್ತವೆ, ಒಂದು ಜಾರಿದರೆ ಕೆಳಗಿನವರೆಗೂ ಬಿಚ್ಚಿಕೊಳ್ಳಬಹುದು. ಕ್ರೋಶಾದಲ್ಲಿ ಸಾಮಾನ್ಯವಾಗಿ ತೆರೆದಿರುವುದು ಒಂದೇ ಕುಣಿಕೆ. ಹುಕ್ ತೆಗೆದು ದಾರ ಎಳೆದರೆ ಬೇಕಾದಲ್ಲಿವರೆಗೆ ಬಿಚ್ಚುತ್ತದೆ, ನಿಲ್ಲಿಸಿದಲ್ಲಿ ನಿಲ್ಲುತ್ತದೆ. ಆ ಕುಣಿಕೆಗೆ ಹುಕ್ ಹಾಕಿ ಮುಂದುವರಿದರಾಯ್ತು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಈಗ ನೋಡುವ ಮೊದಲ ಪಾಠ. ಚೈನನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ. ಒಂದು ಮುಖ ಸಪೂರ ಜಡೆಯ ಹಾಗೆ ಕಾಣುತ್ತದೆ: ಒಂದರ ಹಿಂದೆ ಒಂದು ಇಂಗ್ಲಿಷಿನ ವಿ ಅಕ್ಷರದ ಆಕಾರ. ಇದು ಮುಂಭಾಗ. ತಿರುಗಿಸಿದರೆ ಪ್ರತಿ ವಿಯ ಹಿಂದೆ ಒಂದೊಂದು ಪುಟ್ಟ ಉಬ್ಬು. ಒಂದು ವಿ ಅಂದರೆ ಒಂದು ಚೈನ್. ಎಣಿಸುವಾಗ ಹುಕ್ಕಿನ ಮೇಲಿರುವ ಕುಣಿಕೆಯನ್ನು ಯಾವತ್ತೂ ಸೇರಿಸಬಾರದು. ಶುರುವಿನ ಗಂಟನ್ನೂ ಸೇರಿಸಬಾರದು. ಸೂಜಿಯ ತುದಿಯಿಂದ ಒಂದೊಂದೇ ವಿಯನ್ನು ಮುಟ್ಟಿ, ಬಾಯಿಬಿಟ್ಟು ಎಣಿಸಿ.

ಸಿಂಗಲ್ ಕ್ರೋಶಾ

16 ಚೈನ್ ಹಾಕಿ. ನಮಗೆ ಬೇಕಿರುವುದು 15 ಸ್ಟಿಚ್. ಹೆಚ್ಚಿನ ಒಂದು ಚೈನ್ ಎತ್ತರಕ್ಕೆ.

ಹುಕ್ಕಿನಿಂದ ಎರಡನೇ ಚೈನ್‌ನೊಳಗೆ ಹುಕ್ ತೂರಿಸಿ. ವಿಯ ಎರಡು ಎಳೆಗಳಲ್ಲಿ ಮೇಲಿನ ಒಂದೇ ಎಳೆಯ ಅಡಿ ತೂರಿಸಿದರೂ ಸಾಕು, ಮೊದಲ ಸಾಲಿಗೆ ಅದೇ ಸುಲಭ. ದಾರ ಸುತ್ತಿ, ಚೈನ್‌ನೊಳಗಿಂದ ಎಳೆಯಿರಿ. ಈಗ ಹುಕ್ಕಿನ ಮೇಲೆ ಎರಡು ಕುಣಿಕೆ. ಮತ್ತೆ ದಾರ ಸುತ್ತಿ, ಎರಡರೊಳಗಿಂದಲೂ ಒಟ್ಟಿಗೆ ಎಳೆಯಿರಿ. ಒಂದು ಸಿಂಗಲ್ ಕ್ರೋಶಾ ಆಯ್ತು. ಹೀಗೆ ಪ್ರತಿ ಚೈನ್‌ನಲ್ಲೂ ಒಂದೊಂದು. ಕೊನೆಯ ಚೈನ್ ಗಂಟಿನ ಪಕ್ಕ ಅಡಗಿ ಕೂತಿರುತ್ತದೆ, ಅದನ್ನು ಬಿಡಬೇಡಿ.

ಮೊದಲ ಸಾಲು ಯಾರಿಗೂ ಸಲೀಸಲ್ಲ. ಚೈನ್ ಸಣ್ಣಗೆ ಇರುತ್ತದೆ, ಕೈಯಲ್ಲಿ ತಿರುಚಿಕೊಳ್ಳುತ್ತದೆ, ಹಿಡಿಯಲು ಏನೂ ಇರುವುದಿಲ್ಲ. ಎರಡನೇ ಸಾಲಿನಿಂದ ಎಲ್ಲಾ ಹಗುರವಾಗುತ್ತದೆ. ಚೈನ್ ಬಿಗಿ ಬಂದು ಹುಕ್ ಹೋಗದಿದ್ದರೆ ಒಂದು ಉಪಾಯ: ಚೈನನ್ನು ಮಾತ್ರ ಒಂದು ಅಳತೆ ದೊಡ್ಡ ಹುಕ್ಕಿನಲ್ಲಿ ಹಾಕಿ, ಉಳಿದದ್ದನ್ನು ನಿಮ್ಮ 5 ಮಿ.ಮೀ. ಹುಕ್ಕಿನಲ್ಲಿ ಹೆಣೆಯಿರಿ.

ಸಾಲು ಮುಗಿದಾಗ ಒಂದು ಚೈನ್ ಹಾಕಿ, ಹೆಣಿಗೆಯನ್ನು ಪುಸ್ತಕದ ಹಾಳೆ ತಿರುಗಿಸುವಂತೆ ತಿರುಗಿಸಿ. ಹುಕ್ ಮತ್ತೆ ಬಲಗಡೆಗೆ ಬಂತು. ಈಗ ಮೊದಲ ಸಾಲಿನ ನೆತ್ತಿಯನ್ನು ನೋಡಿ. ಅಲ್ಲೂ ವಿಗಳ ಸಾಲು ಕಾಣುತ್ತದೆ, ಅಲ್ವಾ? ಹುಕ್ಕಿಗೆ ಅಂಟಿಕೊಂಡಂತೆ ಇರುವ ಮೊದಲ ವಿಯಲ್ಲೇ ಮೊದಲ ಸ್ಟಿಚ್. ಈ ಸಲ ವಿಯ ಎರಡೂ ಎಳೆಗಳ ಅಡಿಯಿಂದ ಹುಕ್ ತೂರಿಸಬೇಕು. ಒಂದೇ ಎಳೆ ಹಿಡಿದರೆ ಅಡ್ಡಕ್ಕೆ ಗೆರೆ ಬರುತ್ತದೆ. ಅದು ಅಂಚಿನ ವಿನ್ಯಾಸಕ್ಕೆ ಚೆನ್ನ, ಈಗ ಬೇಡ.

ಇಲ್ಲಿ ನಿಂತು ನೋಡಿ

ಎರಡನೇ ಸಾಲು ಮುಗಿಸಿ ಮುಂದೆ ಹೋಗಬೇಡಿ. ಬೆಳಕಿಗೆ ಬಂದು ಕೂತು ನೋಡಿ. ನನ್ನ ಹತ್ತಿರ ಕಲಿಯುವವರಿಗೆ ಈ ಹಂತದಲ್ಲಿ ನಾನು ಹುಕ್ ಕೆಳಗಿಡಲು ಹೇಳುತ್ತೇನೆ, ಕೈಗೆ ಸೂಜಿ ಕೊಡುತ್ತೇನೆ.

ಪ್ರತಿ ಸ್ಟಿಚ್‌ಗೆ ಎರಡು ಭಾಗ ಇವೆ. ಮೇಲೆ ಮಲಗಿರುವ ವಿ, ಅದರ ಕೆಳಗೆ ನಿಂತಿರುವ ಕಂಬ. ಸಿಂಗಲ್ ಕ್ರೋಶಾದಲ್ಲಿ ಕಂಬ ತೀರಾ ಗಿಡ್ಡ. ಮುಂಭಾಗದಿಂದ ನೋಡಿದರೆ ಅದೂ ಒಂದು ಪುಟ್ಟ ವಿ ಥರವೇ ಕಾಣುತ್ತದೆ, ಹಿಂಭಾಗದಿಂದ ಅಡ್ಡ ಗೆರೆ ಎಳೆದಂತೆ. ನೀವು ಪ್ರತಿ ಸಾಲಿಗೂ ತಿರುಗಿಸುವುದರಿಂದ ಒಂದು ಸಾಲು ಮುಂಭಾಗ, ಒಂದು ಸಾಲು ಹಿಂಭಾಗ ಕಾಣುತ್ತಾ ಹೋಗುತ್ತದೆ. ಹಾಗಾಗಿ ಸಾಲು ಎಣಿಸಲು ಕಷ್ಟ ಅನ್ನಿಸಿದರೆ ಗಾಬರಿ ಬೇಡ, ಎರಡೆರಡಾಗಿ ಎಣಿಸಿ. ಇನ್ನೊಂದು ವಿಷಯ: ಮೇಲಿನ ವಿ ತನ್ನ ಕಂಬದ ನೆತ್ತಿಗೆ ಸರಿಯಾಗಿ ಕೂತಿರುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ಎರಡು ಕಂಬಗಳ ನಡುವಿನ ಸಂದು ದೊಡ್ಡದಾಗಿ ಕಾಣುವುದರಿಂದ ಹೊಸಬರು ಅಲ್ಲೇ ಹುಕ್ ತೂರಿಸುತ್ತಾರೆ. ಅಲ್ಲ. ಕಣ್ಣು ಯಾವಾಗಲೂ ವಿಯ ಮೇಲಿರಲಿ.

ಸೂಜಿಯನ್ನು ಮೊದಲ ವಿಯ ಅಡಿ ತೂರಿಸಿ ತೆಗೆಯಿರಿ, "ಒಂದು" ಅನ್ನಿ. ಮುಂದಿನದು. 15 ಬರಬೇಕು. 14 ಬಂದರೆ ಎಲ್ಲೋ ಒಂದು ತಪ್ಪಿದೆ, ಬಹುಪಾಲು ಅಂಚಿನಲ್ಲಿ. 16 ಬಂದರೆ ಒಂದೇ ವಿಯಲ್ಲಿ ಎರಡು ಸಲ ಹೆಣೆದಿದ್ದೀರಿ, ಇಲ್ಲವೇ ಸಾಲಿನ ಕೊನೆಯಲ್ಲಿ ತಿರುಗುವ ಚೈನನ್ನೂ ಸ್ಟಿಚ್ ಅಂದುಕೊಂಡಿದ್ದೀರಿ.

ಒಬ್ಬ ಹುಡುಗಿ ನನ್ನ ಹತ್ತಿರ ಬಂದಾಗ ಅವಳ ಕೈಯಲ್ಲಿ ಒಂದು ತ್ರಿಕೋನ ಇತ್ತು. ಚೌಕ ಹೆಣೆಯಲು ಹೊರಟಿದ್ದಳು. ಸ್ಟಿಚ್ ಒಂದೊಂದೂ ಅಷ್ಟು ಅಚ್ಚುಕಟ್ಟು, ನೋಡಿದರೆ ಹೊಸಬಳ ಕೈ ಅನ್ನಿಸುತ್ತಿರಲಿಲ್ಲ. ಪ್ರತಿ ಸಾಲಿನ ಕೊನೆಯ ವಿ ಮಾತ್ರ ಬಿಟ್ಟುಹೋಗುತ್ತಿತ್ತು. ಅದು ಅಂಚಿನಲ್ಲಿ ಕೆಳಕ್ಕೆ ಬಾಗಿಕೊಂಡು, ಮುಗಿದ ಹಾಗೇ ಕಾಣುತ್ತದೆ. ಅವಳಿಗೆ ನಾನು ಹೊಸ ಸ್ಟಿಚ್ ಏನೂ ಹೇಳಿಕೊಡಲಿಲ್ಲ. ಪ್ರತಿ ಸಾಲಿನ ಮೊದಲ ಸ್ಟಿಚ್ ಹೆಣೆದ ಕೂಡಲೇ ಅದರ ವಿಗೆ ಒಂದು ಪಿನ್ ಹಾಕಿಸಿದೆ, ಕೊನೆಯ ಸ್ಟಿಚ್‌ಗೂ ಒಂದು. ತಿರುಗಿಸಿ ಬಂದಾಗ ಪಿನ್ ಇರುವ ಎರಡೂ ವಿಗಳಲ್ಲಿ ಹೆಣೆಯಲೇಬೇಕು, ಆಮೇಲೆ ಪಿನ್ ಮೇಲಿನ ಸಾಲಿಗೆ ಏರಬೇಕು. ಅವಳ ಅಂಚು ಅಂದೇ ನೇರವಾಯ್ತು. ನೀವೂ ಮೊದಲ ದಿನದಿಂದಲೇ ಪಿನ್ ಹಾಕಿ. ಕಣ್ಣಿಗೆ ಅಂಚು ಗುರುತು ಸಿಕ್ಕ ಮೇಲೆ ಪಿನ್ ತಾನಾಗಿಯೇ ಬೇಡ ಅನ್ನಿಸುತ್ತದೆ.

ಸಿಂಗಲ್ ಕ್ರೋಶಾದಲ್ಲೇ ಅಂಗೈ ಅಗಲದ ಒಂದು ಚೌಕ ಪೂರ್ತಿ ಮಾಡಿ. ಪ್ರತಿ ಸಾಲು ಎಣಿಸಿ. ಬೇಜಾರು ಬರಬಹುದು, ಆದರೂ ಇದನ್ನು ದಾಟಿ ಮುಂದಕ್ಕೆ ಹಾರಬೇಡಿ ಅಂತ ಕೇಳಿಕೊಳ್ಳುತ್ತೇನೆ. ಈ ಚೌಕದಲ್ಲಿ ಕಣ್ಣು ಪಳಗಿದರೆ ಮುಂದಿನ ಸ್ಟಿಚ್‌ಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ ಬರುತ್ತವೆ.

ಎತ್ತರದ ಸ್ಟಿಚ್‌ಗಳು

ಹುಕ್ ತೂರಿಸುವ ಮೊದಲೇ ದಾರ ಸುತ್ತಿಕೊಂಡರೆ ಕಂಬ ಎತ್ತರವಾಗುತ್ತದೆ. ಉಳಿದ ಮೂರೂ ಸ್ಟಿಚ್‌ಗಳ ಗುಟ್ಟು ಇದೇ.

ಹಾಫ್ ಡಬಲ್: ಒಂದು ಸುತ್ತು ದಾರ ಹಾಕಿಕೊಂಡು ಹುಕ್ ತೂರಿಸಿ, ದಾರ ಸುತ್ತಿ ಎಳೆಯಿರಿ. ಮೂರು ಕುಣಿಕೆ ಇವೆ. ಮತ್ತೆ ದಾರ ಸುತ್ತಿ, ಮೂರರೊಳಗಿಂದಲೂ ಒಟ್ಟಿಗೆ ತೆಗೆಯಿರಿ. 15 ಸ್ಟಿಚ್‌ಗೆ 17 ಚೈನ್ ಹಾಕಿ, ಹುಕ್ಕಿನಿಂದ ಮೂರನೇ ಚೈನ್‌ನಲ್ಲಿ ಶುರು ಮಾಡಿ. ತಿರುಗುವಾಗ ಎರಡು ಚೈನ್. ಆ ಎರಡು ಚೈನನ್ನು ಒಂದು ಸ್ಟಿಚ್ ಅಂತ ಲೆಕ್ಕ ಹಾಕಬೇಕೋ ಬೇಡವೋ ಅನ್ನುವುದು ಪ್ಯಾಟರ್ನಿಂದ ಪ್ಯಾಟರ್ನಿಗೆ (ಹೇಗೆ ಹೆಣೆಯಬೇಕು ಅಂತ ಬರೆದಿಟ್ಟ ಸೂಚನೆ) ಬದಲಾಗುತ್ತದೆ. ಕಲಿಯುವಾಗ ಲೆಕ್ಕಕ್ಕೆ ಬೇಡ, ಮೊದಲ ವಿಯಲ್ಲೇ ಹೆಣೆಯಿರಿ. ಈ ಸ್ಟಿಚ್‌ನಲ್ಲಿ ವಿಯ ಹಿಂದುಗಡೆ, ಸ್ವಲ್ಪ ಕೆಳಗೆ, ಇನ್ನೊಂದು ಅಡ್ಡ ಎಳೆ ಇರುತ್ತದೆ. ತಿರುಗಿಸಿದಾಗ ಅದು ನಿಮ್ಮ ಮುಖಕ್ಕೇ ಬರುತ್ತದೆ, ವಿಯ ಭಾಗ ಅಂತ ಮೋಸ ಹೋಗುವುದು ಸುಲಭ. ಮೇಲಿನಿಂದ ಬಗ್ಗಿ ನೋಡಿ. ನೆತ್ತಿಯ ಮೇಲಿರುವ ಎರಡು ಎಳೆ ಮಾತ್ರ ವಿ.

ಡಬಲ್ ಕ್ರೋಶಾ: ದಾರ ಸುತ್ತಿ, ತೂರಿಸಿ, ಸುತ್ತಿ ಎಳೆಯಿರಿ. ಮೂರು ಕುಣಿಕೆ. ದಾರ ಸುತ್ತಿ ಎರಡರೊಳಗಿಂದ ತೆಗೆಯಿರಿ, ಎರಡು ಉಳಿಯಿತು. ಮತ್ತೆ ಸುತ್ತಿ ಎರಡರೊಳಗಿಂದ ತೆಗೆಯಿರಿ, ಒಂದು ಉಳಿಯಿತು. ಆಯ್ತು. ಶಾಲು, ಹೊದಿಕೆ ಎಲ್ಲ ಬೇಗ ಬೆಳೆಯುವುದು ಈ ಸ್ಟಿಚ್‌ನಲ್ಲೇ.

ಇದರ ಅಂಚಿನ ಲೆಕ್ಕ ಮಾತ್ರ ಬೇರೆ, ಇಲ್ಲಿ ಸ್ವಲ್ಪ ನಿಧಾನ. ಡಬಲ್‌ನಲ್ಲಿ ತಿರುಗಲು ಮೂರು ಚೈನ್ ಹಾಕುತ್ತೇವೆ, ಆ ಮೂರು ಸೇರಿ ಸಾಮಾನ್ಯವಾಗಿ ಒಂದು ಸ್ಟಿಚ್ ಅಂತ ಲೆಕ್ಕ. ಹಾಗಾಗಿ 15 ಸ್ಟಿಚ್‌ಗೆ 17 ಚೈನ್ ಹಾಕಿ, ಹುಕ್ಕಿನಿಂದ ನಾಲ್ಕನೇ ಚೈನ್‌ನಲ್ಲಿ ಮೊದಲ ಡಬಲ್ ಹೆಣೆಯಿರಿ. ಬಿಟ್ಟ ಮೂರು ಚೈನ್ ಒಂದು ಸ್ಟಿಚ್, ಉಳಿದ 14ರಲ್ಲಿ 14, ಒಟ್ಟು 15. ತಿರುಗಿದ ಮೇಲೆ ಮೂರು ಚೈನೇ ಮೊದಲ ಸ್ಟಿಚ್ ಆಗಿರುವುದರಿಂದ ಅದರ ಬುಡದಲ್ಲಿರುವ ವಿಯನ್ನು ಬಿಟ್ಟು ಎರಡನೇ ವಿಯಲ್ಲಿ ಹೆಣೆಯಬೇಕು. ಸಾಲಿನ ಕೊನೆಗೆ ಬಂದಾಗ ಕೆಳಗಿನ ಸಾಲಿನ ಮೂರು ಚೈನ್‌ನ ನೆತ್ತಿಯಲ್ಲಿ ಕೊನೆಯ ಸ್ಟಿಚ್ ಬೀಳಬೇಕು. ಸಿಂಗಲ್ ಕಲಿತವರು ಇಲ್ಲಿ ಶುರುವಿನಲ್ಲಿ ಒಂದು ಹೆಚ್ಚು ಹಾಕಿ, ಕೊನೆಯಲ್ಲಿ ಒಂದು ಬಿಡುತ್ತಾರೆ. ಎಣಿಕೆ 15ಕ್ಕೇ ಸರಿಹೋಗುತ್ತದೆ, ಹೆಣಿಗೆ ಮಾತ್ರ ಓರೆಯಾಗುತ್ತದೆ. ಆದ್ದರಿಂದ ಬರೀ ಎಣಿಸಿದರೆ ಸಾಲದು, ಅಂಚನ್ನೂ ನೋಡಬೇಕು. ಮೂರು ಚೈನ್ ಹಾಕಿದ ಕೂಡಲೇ ಮೂರನೆಯದಕ್ಕೆ ಪಿನ್ ಹಾಕಿಬಿಡಿ.

ಟ್ರೆಬಲ್ ಇನ್ನೂ ಒಂದು ಸುತ್ತು ಜಾಸ್ತಿ ಅಷ್ಟೇ. ಮೊದಲು ಎರಡು ಸುತ್ತು, ತೂರಿಸಿ ಎಳೆದಾಗ ನಾಲ್ಕು ಕುಣಿಕೆ, ಎರಡೆರಡಾಗಿ ಮೂರು ಸಲ ತೆಗೆಯುವುದು. ಶುರು ಐದನೇ ಚೈನ್‌ನಲ್ಲಿ, ತಿರುಗಲು ನಾಲ್ಕು ಚೈನ್.

ಸ್ಲಿಪ್ ಸ್ಟಿಚ್ ಅಂತ ಒಂದಿದೆ. ತೂರಿಸಿ, ದಾರ ಸುತ್ತಿ, ಎಲ್ಲದರೊಳಗಿಂದ ಒಂದೇ ಸಲಕ್ಕೆ ಎಳೆಯುವುದು. ಅದಕ್ಕೆ ಎತ್ತರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸುತ್ತನ್ನು ಕೂಡಿಸಲು, ದಾರ ಕತ್ತರಿಸದೆ ಜಾಗ ಬದಲಿಸಲು ಬಳಸುತ್ತಾರೆ.

ಸುತ್ತು ಹೆಣೆಯುವುದು

ಟೋಪಿ, ಬೊಂಬೆ, ಲೋಟದಡಿಯ ಮ್ಯಾಟ್, ಎಲ್ಲಕ್ಕೂ ವೃತ್ತ ಬೇಕು. ಸುಲಭದ ಶುರು ಹೀಗೆ: ಎರಡು ಚೈನ್ ಹಾಕಿ, ಹುಕ್ಕಿನಿಂದ ಎರಡನೆಯದರಲ್ಲೇ ಆರು ಸಿಂಗಲ್ ಕ್ರೋಶಾ ಹೆಣೆಯಿರಿ. ಅವು ತಾವಾಗಿಯೇ ಸುತ್ತಿಕೊಳ್ಳುತ್ತವೆ. ಎರಡನೇ ಸುತ್ತಿನಲ್ಲಿ ಪ್ರತಿ ವಿಯಲ್ಲೂ ಎರಡೆರಡು, ಒಟ್ಟು 12. ಮೂರನೇ ಸುತ್ತಿನಲ್ಲಿ ಒಂದರಲ್ಲಿ ಒಂದು, ಮುಂದಿನದರಲ್ಲಿ ಎರಡು, ಹೀಗೇ ಪುನರಾವರ್ತಿಸಿ 18. ನಾಲ್ಕನೆಯದರಲ್ಲಿ ಒಂದು, ಒಂದು, ಎರಡು, 24. ಪ್ರತಿ ಸುತ್ತಿಗೆ ಆರು ಹೆಚ್ಚಿಸುತ್ತಾ ಹೋದರೆ ವೃತ್ತ ಚಪ್ಪಟೆ ಇರುತ್ತದೆ. ಡಬಲ್ ಕ್ರೋಶಾ ಎತ್ತರ ಇರುವುದರಿಂದ ಅದಕ್ಕೆ ಸುಮಾರು ಹನ್ನೆರಡು ಬೇಕಾಗುತ್ತದೆ. ಸುತ್ತಿನ ಮೊದಲ ಸ್ಟಿಚ್‌ಗೆ ಪಿನ್ ಹಾಕದಿದ್ದರೆ ಸುತ್ತು ಎಲ್ಲಿ ಮುಗಿಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಹೆಚ್ಚಿಸುವುದು ಕಡಿಮೆಯಾದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಟೋಪಿಗೆ ಬೇಕಿರುವುದೂ ಅದೇ. ಜಾಸ್ತಿಯಾದರೆ ಅಂಚು ನೆರಿಗೆ ನೆರಿಗೆಯಾಗಿ ಅಲೆಯಾಡುತ್ತದೆ. ಈ ನೆರಿಗೆಯ ಬಗ್ಗೆ ನನಗೆ ತುಂಬಾ ಇಷ್ಟವಾದ ಸಂಗತಿಯೊಂದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಹೈಪರ್ಬೋಲಿಕ್ ಮೇಲ್ಮೈ ಅನ್ನುವ ಜ್ಯಾಮಿತಿಯ ಆಕಾರವನ್ನು ಕ್ರೋಶಾದಲ್ಲಿ ಹೆಣೆದು ತೋರಿಸಿದರು. ಕಾಗದದಲ್ಲಿ ಮಾಡಿದ ಮಾದರಿಗಳು ಬೇಗ ಹರಿದುಹೋಗುತ್ತಿದ್ದವು. ಅವರು ಮಾಡಿದ್ದು ಇಷ್ಟೇ: ಇಂತಿಷ್ಟು ಸ್ಟಿಚ್‌ಗೆ ಒಂದು ಹೆಚ್ಚು ಅನ್ನುವ ಒಂದೇ ಲೆಕ್ಕವನ್ನು ಕೊನೆವರೆಗೂ ಬಿಡದೆ ಪಾಲಿಸಿದರು. ಕೈಯಲ್ಲಿ ಹಿಡಿದು ಮಡಚಿ ನೋಡಬಹುದಾದ ಗಣಿತ ಬಂತು. ನಿಮ್ಮ ವೃತ್ತ ನೆರಿಗೆಗಟ್ಟಿದರೆ ಅಲ್ಲೂ ಕೆಲಸ ಮಾಡುತ್ತಿರುವುದು ಇದೇ ಲೆಕ್ಕ. ಹೆಚ್ಚಿಸಿದ ಜಾಗಗಳನ್ನು ಎಣಿಸಿದರೆ ಕಾರಣ ಸಿಗುತ್ತದೆ.

ಕಡಿಮೆ ಮಾಡಬೇಕಾದರೆ ಒಂದು ವಿಯಿಂದ ಕುಣಿಕೆ ಎಳೆದು ಹಾಗೇ ಇಟ್ಟುಕೊಂಡು, ಮುಂದಿನ ವಿಯಿಂದಲೂ ಎಳೆಯಿರಿ. ಹುಕ್ಕಿನ ಮೇಲಿನ ಮೂರನ್ನೂ ಒಟ್ಟಿಗೆ ತೆಗೆಯಿರಿ. ಎರಡು ಸ್ಟಿಚ್ ಒಂದಾಯ್ತು.

ಪ್ಯಾಟರ್ನ್ ಹಿಡಿದು ಕೂರುವ ಮುಂಚೆ

ಒಂದೇ ಹೆಸರು ಅಮೆರಿಕದ ಪ್ಯಾಟರ್ನಿನಲ್ಲಿ ಒಂದು ಸ್ಟಿಚ್, ಬ್ರಿಟಿಷ್ ಪ್ಯಾಟರ್ನಿನಲ್ಲಿ ಇನ್ನೊಂದು. ನಾನು ಮೇಲೆ ಬಳಸಿದ್ದು ಅಮೆರಿಕದ ಹೆಸರುಗಳನ್ನು. ಅವರ ಸಿಂಗಲ್ ಬ್ರಿಟಿಷರಿಗೆ ಡಬಲ್, ಅವರ ಡಬಲ್ ಬ್ರಿಟಿಷರಿಗೆ ಟ್ರೆಬಲ್. ಸಂಕ್ಷೇಪದಲ್ಲಿ ಡಿಸಿ, ಅಂದರೆ ಡಬಲ್ ಕ್ರೋಶಾ, ಅಂತ ಕಂಡರೆ ಯಾವ ಕಡೆಯದು ಅಂತ ನೋಡಿಕೊಳ್ಳಿ. ಪ್ಯಾಟರ್ನಿನಲ್ಲಿ ಎಲ್ಲಾದರೂ ಎಸ್‌ಸಿ, ಅಂದರೆ ಸಿಂಗಲ್ ಕ್ರೋಶಾ, ಕಂಡರೆ ಅದು ಅಮೆರಿಕದ ಶೈಲಿ. ಬ್ರಿಟಿಷ್ ಹೆಸರುಗಳಲ್ಲಿ ಸಿಂಗಲ್ ಇರುವುದಿಲ್ಲ.

ತೊಡುವಂಥದ್ದನ್ನು ಹೆಣೆಯುವುದಾದರೆ ಮೊದಲು 10 ಸೆಂ.ಮೀ.ಗಿಂತ ಸ್ವಲ್ಪ ದೊಡ್ಡ ಚೌಕ ಹೆಣೆದು, ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಸ್ಟಿಚ್, ಎಷ್ಟು ಸಾಲು ಬಂತು ಅಂತ ಅಳೆಯಿರಿ. ಪ್ಯಾಟರ್ನ್ ಹೇಳಿದ್ದಕ್ಕಿಂತ ಸ್ಟಿಚ್ ಜಾಸ್ತಿ ಬಂದರೆ ದೊಡ್ಡ ಹುಕ್, ಕಡಿಮೆ ಬಂದರೆ ಚಿಕ್ಕ ಹುಕ್.

ದಾರದ ತುದಿ

ಮುಗಿದಾಗ 15 ಸೆಂ.ಮೀ. ಬಿಟ್ಟು ದಾರ ಕತ್ತರಿಸಿ, ಕೊನೆಯ ಕುಣಿಕೆಯೊಳಗಿಂದ ಪೂರ್ತಿ ಎಳೆದು ಬಿಗಿ ಮಾಡಿ. ಗಂಟಿನ ಪಕ್ಕಕ್ಕೇ ಕತ್ತರಿಸಿಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಷ್ಟು ಹೊತ್ತು ಕೂತು ಹೆಣೆದದ್ದು ಎರಡು ಒಗೆತಕ್ಕೆ ಬಿಚ್ಚಿಕೊಳ್ಳಬಹುದು. ತುದಿಯನ್ನು ಮೊಂಡು ಸೂಜಿಗೆ ಪೋಣಿಸಿ, ಹಿಂಭಾಗದಲ್ಲಿ ಸ್ಟಿಚ್‌ಗಳ ಅಡಿಯಿಂದ ನಾಲ್ಕೈದು ಸೆಂ.ಮೀ. ಒಂದು ದಿಕ್ಕಿಗೆ ತೂರಿಸಿ. ಒಂದು ಎಳೆ ಬಿಟ್ಟು, ಬಂದ ದಾರಿಯಲ್ಲೇ ವಾಪಸ್ ತನ್ನಿ. ಮತ್ತೊಮ್ಮೆ ಮುಂದಕ್ಕೆ. ಹೆಣಿಗೆಯನ್ನು ಸ್ವಲ್ಪ ಎಳೆದಾಡಿ ದಾರ ಒಳಗೆ ಕೂತಿದೆ ಅಂತ ಖಾತ್ರಿಯಾದ ಮೇಲೆ ಉಳಿದದ್ದನ್ನು ಕತ್ತರಿಸಿ.

ಚೌಕದ ಅಂಚು ಸುರುಳಿಕೊಂಡಿದ್ದರೆ ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಒತ್ತಿ ನೀರು ತೆಗೆದು, ಮೂಲೆಗಳಿಗೆ ಪಿನ್ ಚುಚ್ಚಿ ಚಪ್ಪಟೆಯಾಗಿ ಒಣಗಿಸಿ. ಉಣ್ಣೆಯನ್ನು ಬಿಸಿನೀರಿನಲ್ಲಿ ತಿಕ್ಕಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಅಕ್ರಿಲಿಕ್ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಡಲೇಬೇಡಿ. ದಾರ ಕರಗಿ ಜೋತುಬೀಳುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ.

ಒಣಗಿದ ಚೌಕವನ್ನು ಎತ್ತಿಡಿ. ಅದೇ ದಾರ, ಅದೇ ಹುಕ್, ಅದೇ 15 ಸ್ಟಿಚ್‌ನಲ್ಲಿ ಹಾಫ್ ಡಬಲ್‌ನದೊಂದು, ಡಬಲ್‌ನದೊಂದು ಮಾಡಿ. ಮೂರನ್ನೂ ಪಕ್ಕಪಕ್ಕ ಇಟ್ಟು ಸೂಜಿ ಹಿಡಿದು ಪ್ರತಿಯೊಂದರಲ್ಲೂ ವಿ ಎಲ್ಲಿದೆ, ಕಂಬ ಎಲ್ಲಿದೆ, ಸಾಲಿನ ಕೊನೆಯ ಸ್ಟಿಚ್ ಯಾವುದು ಅಂತ ಹುಡುಕಿ. ಮೂರರಲ್ಲೂ ತಡವರಿಸದೆ ತೋರಿಸಲು ಬಂದ ದಿನ ಟೋಪಿಗೆ ದಾರ ತನ್ನಿ.